ಸತ್ಯವ್ವನ ಆರು ಗಾಲಿ

ಗಾಲಿಗಳಿಗೆ ತುಕ್ಕು ಹಿಡಿದಿದೆ ಎಂದು ಬರೆದು, ಆರ್‌ಟಿಒ ಸಾಹೇಬರು ಲಾರಿಯನ್ನು ಪಾಸಿಂಗ್ ಮಾಡದೆ, ಓಡಿಸಲು ಯೋಗ್ಯವೆಂದು ಸಹಿ ಹಾಕದೆ, ವಾಪಸ್ ಕಳಿಸಿದ್ದರು. ಸೋಮವಾರ ಮತ್ತೆ ಒಯ್ಯಬೇಕು. ಅಂದೂ ಪಾಸಾಗದಿದ್ದರೆ ಈ ಹಂಗಾಮಿನ ಕಬ್ಬು ಹೇರುವ ಕೆಲಸ ಬೇರೆಯವರ ಪಾಲು. ತನ್ನ ಕೈ ಬೆಚ್ಚಗೆ ಮಾಡಿದರೆ ಗಾಲಿ ಮುಟ್ಟದೆಯೇ ಪಾಸ್ ಮಾಡಿಸುತ್ತೇನೆಂದು ಏಜೆಂಟ್ ಬಂಡು ಹೇಳಿಹೋದ. ಲಾರಿಯ ಒಡತಿ, ಸಾವಳಗಿಯ ಸತ್ಯವ್ವ ಗಂಡ ಕಾಮಣ್ಣನ ಕಡೆ ತಿರುಗಿದಳು.

“ತುಕ್ಕು ಅಂತ ಬರದಾರ, ತುಕ್ಕು ತಗಿಯೂಣು. ಬಂಡೂನ ಹೊಟ್ಟಿ ತುಂಬಸ್ರಿ ಅಂತ ಬರದಿಲ್ಲಲ್ಲ.”

ಪೇಂಟರನ್ನು ಕರೆಸುವಷ್ಟು ದುಡ್ಡಿರಲಿಲ್ಲ. ಗಂಡ ಹೆಂಡತಿ ಅಂಗಳದಲ್ಲೇ ಕೂತು ತಂತಿ ಬ್ರಷ್ಷಿನಿಂದ ತಿಕ್ಕಿದರು. ಟಾಯರಿಗೆ ಬಣ್ಣ ತಾಗದಂತೆ ಹಸಿ ಎರೆಮಣ್ಣು ಮೆತ್ತಿದರು. ಒರೆಸಲು ಬನಹಟ್ಟಿ ಮಗ್ಗಗಳ ವೇಸ್ಟ್ ನೂಲು ತಂದರು. ಗಾಲಿಗೂ ಸೀರಿ ಉಡಿಸ್ತಿಯೇನವ್ವ ಎಂದು ನೆರೆಮನೆಯ ಜಕ್ಕಪ್ಪ ಚುಚ್ಚಿ ಹೋದ. ಶನಿವಾರ ಸಂಜೆಗೆ ಆರೂ ಗಾಲಿಗೆ ಬೆಳ್ಳಿಬಣ್ಣ ಆಗಿತ್ತು.

ಭಾನುವಾರ ಬೆಳಿಗ್ಗೆ ಮಣ್ಣು ತೊಳೆದರೆ, ಬಣ್ಣವೂ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಅಡಿಯಲ್ಲಿ ಹಳದಿ, ಜಿಡ್ಡು.

ಶನಿವಾರ ಇಬ್ಬರೂ ಊಟಕ್ಕೆದ್ದಾಗ ಅತ್ತೆ ಮಾಯವ್ವ ಪ್ರತಿ ಗಾಲಿಗೂ ಎಣ್ಣೆ ಸವರಿ ಬೀರೇಶ್ವರನ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚಿದ್ದಳು. ಅದನ್ನು ಇಬ್ಬರೂ ನೋಡಿದ್ದರು. ಆ ಮನೆಯಲ್ಲಿ ಭಂಡಾರವನ್ನು ಯಾರೂ ಒರೆಸುವುದಿಲ್ಲ. ಅದರ ಮೇಲೆಯೇ ಬಣ್ಣ ಬಳಿದಿದ್ದರು.

ಕಾಮಣ್ಣ ಕೈಕಟ್ಟಿ ನಿಂತ. ಸತ್ಯವ್ವ ನೂಲಿನ ಉಂಡೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದಳು. ಬಾಗಿಲಲ್ಲಿದ್ದ ಮಾಯವ್ವನ ಮುಖ ಬಿಗಿಯಿತು.

“ಎಣ್ಣಿ ಒರಸಾಕತ್ತೇನ್ರಿ ಅತ್ತಿ, ದೇವ್ರನ್ನಲ್ಲ. ಗಾಲಿ ನಿಂತ್ರ ಅವನ ಗುಡಿಗಿ ಹೋಗಾಕರ ಏನೈತಿ ನಮಗ?”

ಮುದುಕಿ ಸೆರಗು ಸಿಕ್ಕಿಸಿಕೊಂಡು ಬಂದು ಎರಡನೇ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮತ್ತೆ ತಿಕ್ಕಿದರು, ಮತ್ತೆ ಬಳಿದರು. ಮೂವರ ಉಗುರಲ್ಲೂ ಬೆಳ್ಳಿ.

ಸೋಮವಾರ ಸಾಹೇಬರು ಗಾಲಿ ನೋಡುವ ಮೊದಲೇ, ಏಜೆಂಟ್ ಯಾರು ಎಂದರು. ಸತ್ಯವ್ವ ಹಿಂದಿನ ಕಾಗದವನ್ನೇ ಮುಂದೆ ಹಿಡಿದಳು.

“ಏಜೆಂಟ್ ಇಲ್ರಿ. ತುಕ್ಕಂತ ಬರದಿದ್ರಿ, ತಗದೇವಿ. ಇನ್ನೇನರ ಇದ್ರ ಅದನ್ನೂ ಬರದು ಕೊಡ್ರಿ.”

ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ಇತ್ತ ತಿರುಗಿದರು. ಸಾಹೇಬರು ದೀಪ, ಬ್ರೇಕು ಪರೀಕ್ಷಿಸಿದರು, ಲಾರಿಯ ಸುತ್ತ ಮೂರು ಸಲ ತಿರುಗಿದರು. ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದರು. ಅವಳು ಕದಲಲಿಲ್ಲ. ಬರೆಯಲು ಏನೂ ಸಿಗದೆ ಕೊನೆಗೆ ಸಹಿ ಹಾಕಿದರು.

ಸಾಲಿನಲ್ಲಿ ಹಿಂದೆ ನಿಂತಿದ್ದ ಲಾರಿಯ ಡ್ರೈವರ್, ಅಲ್ಲೇ ಇದ್ದ ಏಜೆಂಟ್ ಬಂಡುವಿನ ಕೈಯಿಂದ ತನ್ನ ಕಾಗದಗಳನ್ನು ವಾಪಸ್ ತೆಗೆದುಕೊಂಡು, ತಾನೇ ಸಾಹೇಬರ ಮುಂದೆ ಹೋಗಿ ನಿಂತ.