ಕೆಸರಿಗೆ ಮೊದಲು ಇಳಿಯುವವಳು

"ಇನ್ನೂ ಕೆಟ್ಟದಾಗಿ ಮಾಡು ಮುಖ! ಎಂತ, ದೇವಸ್ಥಾನಕ್ಕೆ ಬಂದವಳ ಹಾಗೆ ನಿಂತಿದ್ದೀಯಲ್ಲ? ಗಂಡ ಕುಡಿದು ಬಂದು ಹೊಡೆಯುವಾಗ ಹೇಗೆ ಮಾಡ್ತೀಯಾ, ಹಾಗೆ ಮಾಡು ಮಾರಾಯ್ತಿ!"

ಕೋಣೆಯಲ್ಲಿದ್ದ ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಗುಣವತಿಯ ಗಂಡ ಕುಡಿದವನೂ ಅಲ್ಲ, ಹೊಡೆದವನೂ ಅಲ್ಲ. ಬಾವಿ ತೋಡುವಾಗ ಮಣ್ಣು ಕುಸಿದು ಸತ್ತು ಎಷ್ಟೋ ವರ್ಷವಾಗಿತ್ತು. ಅದನ್ನು ಆಫೀಸಿನ ಯಜಮಾನ ವಿಕಾಸ್ ಧಣಿಗೆ ಹೇಳುವುದುಂಟೇ? ಹೇಳಿದರೆ ಅದಕ್ಕೂ ಒಂದು ನಗು. ಸುತ್ತಲೂ ಕಂಬಗಳಿಗೆ ಸಿಕ್ಕಿಸಿದ ಕ್ಯಾಮರಾಗಳ ನಡುವೆ ನಿಂತು ಅವಳು ಹುಬ್ಬು ಗಂಟಿಕ್ಕಿದಳು, ಹಲ್ಲು ಕಿಸಿದಳು, ಬಾಯಿ ಸೊಟ್ಟಗೆ ಮಾಡಿದಳು.

"ಹಾಂ, ಅದೇ! ಬೇವರ್ಸಿ, ಈಗ ಸರಿಯಾಯ್ತು ನೋಡು!" ವಿಕಾಸ್ ತೊಡೆ ತಟ್ಟಿಕೊಂಡ.

"ಗುಣವತಿ ಅಕ್ಕ, ಸ್ವಲ್ಪ ಹೊತ್ತು ಕಣ್ಣು ಮಿಟುಕಿಸಬೇಡಿ," ಎಂದಳು ಕ್ಯಾಮರಾ ನೋಡಿಕೊಳ್ಳುತ್ತಿದ್ದ ಬ್ರೆಂಡಾ. ಬನ್ನಂಜೆಯಿಂದ ಬರುವ ಹುಡುಗಿ. ಆ ಆಫೀಸಿನಲ್ಲಿ ಗುಣವತಿಯನ್ನು 'ನೀವು' ಎನ್ನುವವಳು ಅವಳೊಬ್ಬಳೇ. ಆದರೆ ಇವತ್ತು ಅವಳೂ ಮುಖ ಕೊಟ್ಟು ಮಾತಾಡಲಿಲ್ಲ.

ಮಣಿಪಾಲದ ಆ ಕಟ್ಟಡದ ಮೇಲಿನ ಮಹಡಿಯಲ್ಲಿ ನೆಲ ಒರೆಸುವುದು, ಕಕ್ಕಸು ತೊಳೆಯುವುದು ಗುಣವತಿಯ ಕೆಲಸ. ಒರೆಸುತ್ತ ಒರೆಸುತ್ತ ಕಿವಿಗೆ ಬಿದ್ದಷ್ಟು ಅವಳಿಗೂ ಗೊತ್ತಿತ್ತು. ಹಿಂದೆ ಡಬ್ಬಿಯಂಥ ಕಂಪ್ಯೂಟರಿನಲ್ಲಿ ಜನ ಆಡಿ ಬಿಟ್ಟ ಆಟಗಳನ್ನು ಫಾರಿನ್ ಕಂಪೆನಿಯವರು ಇಲ್ಲಿಗೆ ಕಳಿಸುತ್ತಾರೆ. ಇಲ್ಲಿನ ಹುಡುಗರು ಅವಕ್ಕೆ ಹೊಸ ಬಣ್ಣ, ಹೊಸ ಮೈ ಕೊಟ್ಟು ವಾಪಸು ಕಳಿಸುತ್ತಾರೆ. "ಆಟ ಅದೇ, ನಿಯಮ ಅದೇ. ಒಂದು ಕೂದಲು ಆಚೀಚೆ ಆಗಬಾರದು, ಹಳೆ ಅಭಿಮಾನಿಗಳು ನಮ್ಮ ಚರ್ಮ ಸುಲೀತಾರೆ. ಹೊಳಪು ಮಾತ್ರ ಹೊಸತು," ಎಂದು ವಿಕಾಸ್ ಬಂದವರಿಗೆಲ್ಲ ಹೇಳುತ್ತಿದ್ದ. ಈಗಿನ ಆಟದಲ್ಲಿ ಒಬ್ಬ ರಾಜಕುಮಾರ, ಒಂದು ಕೋಟೆ, ಕೋಟೆಯ ಮುಂದೆ ಕೆಸರಿನ ಬಯಲು. ಆ ಕೆಸರಿನಲ್ಲಿ ಒಬ್ಬ ಹೆಂಗಸು. ಹಳೆಯ ಆಟದಲ್ಲಿ ಅವಳೆಂದರೆ ನಾಲ್ಕು ಬಣ್ಣದ ಚೌಕ, ಕಣ್ಣಿಲ್ಲ, ಮೂಗಿಲ್ಲ. ಈಗ ಟೀವಿಗಳು ಗೋಡೆಯಷ್ಟು ದೊಡ್ಡದಾಗಿವೆ, ಜನರಿಗೆ ಮುಖದ ಸುಕ್ಕು ಕೂಡ ಕಾಣಬೇಕು. ರಾಜಕುಮಾರನಿಗೆ ವಿಕಾಸನ ಅಕ್ಕನ ಮಗ ಶ್ರವಣ್ ಮುಖ ಕೊಟ್ಟ. ಕೆಸರಿನವಳಿಗೆ ಯಾರೂ ಸಿಗಲಿಲ್ಲ. ಆಗ ಬಾಗಿಲ ಹತ್ತಿರ ಬಕೆಟ್ ಹಿಡಿದುಕೊಂಡಿದ್ದವಳು ಕಣ್ಣಿಗೆ ಬಿದ್ದಳು.

ಇದಿಷ್ಟನ್ನೂ ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. "ನಿನ್ನನ್ನು ಆಟದಲ್ಲಿ ಹಾಕ್ತೇವೆ," ಎಂದಿದ್ದರು, ಅಷ್ಟೇ. ಸುಳ್ಳೇಕೆ, ಅವಳಿಗೆ ಖುಷಿಯೇ ಆಗಿತ್ತು. ರೇಷನ್ ಕಾರ್ಡಿಗಲ್ಲದೆ ಇನ್ನಾವುದಕ್ಕೂ ಅವಳ ಮುಖ ಯಾರಿಗೂ ಬೇಕಾಗಿರಲಿಲ್ಲ. ಕಾಪುವಿನ ಆಚೆ, ತಮ್ಮ ಕೊರಗರ ಕಾಲೊನಿಯಲ್ಲಿ ಬಸ್ಸಿಳಿದ ಕೂಡಲೇ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಳು.

ಕೆಲವು ತಿಂಗಳ ಮೇಲೆ ಒಂದು ಆದಿತ್ಯವಾರ ಮಧ್ಯಾಹ್ನ ಮಗಳು ವಿಜೇತಾ ಮೊಬೈಲ್ ಹಿಡಿದುಕೊಂಡು ಅಂಗಳಕ್ಕೆ ಓಡಿ ಬಂದಳು. "ಅಮ್ಮ, ಬಂತು! ಟ್ರೇಲರ್ ಬಿಟ್ಟಿದ್ದಾರೆ!"

ಕಾಲೊನಿಗೆ ಕಾಲೊನಿಯೇ ಆ ಅಂಗೈಯಗಲದ ಪರದೆಯ ಮೇಲೆ ಬಗ್ಗಿತು. ಗುಣವತಿಯ ತಮ್ಮ ಶೀನ ಬುಟ್ಟಿ ಹೆಣೆಯುತ್ತ ಕೂತಲ್ಲಿಂದಲೇ ಕತ್ತು ಚಾಚಿದ. ರಾಜಕುಮಾರ ಬಂದ, ಬೆಳ್ಳಗೆ, ಬೆನ್ನಿಗೆ ಕೆಂಪು ಬಟ್ಟೆ ಹಾರಿಸಿಕೊಂಡು. ಕೆಸರು ಬಂತು. ಕೆಸರಿನ ಅಂಚಿನಲ್ಲಿ ಅವಳು. ಕೂದಲು ಕೆದರಿ ಹೋಗಿತ್ತು, ಮೈಯೆಲ್ಲ ಮಣ್ಣು. ಆದರೆ ಮುಖ ಗುಣವತಿಯದೇ. ಎಡಗೆನ್ನೆಯ ಮಚ್ಚೆ, ಮುರಿದ ಹಲ್ಲು, ಎಲ್ಲ ಹಾಗೆ ಹಾಗೆಯೇ.

"ಗುಣವತಿ ದೊಡ್ಡಮ್ಮ!" ಎಂದು ಮಕ್ಕಳು ಚಪ್ಪಾಳೆ ಹೊಡೆದವು.

ರಾಜಕುಮಾರ ಅವಳ ಬೆನ್ನಿಗೆ ಒದ್ದ. ಅವಳು ಕೆಸರಿನಲ್ಲಿ ಎದ್ದೂಬಿದ್ದು ಓಡಿದಳು. ಕೆಸರಿನೊಳಗಿಂದ ಚೂಪಾದ ಗೂಟವೊಂದು ಎದ್ದು ಅವಳ ಕಾಲಿಗೆ ಹೊಕ್ಕಿತು. ಮುಳುಗಿದಳು. ಅಂಚಿನಲ್ಲಿ ಇನ್ನೊಬ್ಬಳು ಹುಟ್ಟಿಕೊಂಡಳು, ಅದೇ ಮಚ್ಚೆ, ಅದೇ ಹಲ್ಲು. ಮತ್ತೆ ಒದೆ. ಅವಳು ಎಲ್ಲೆಲ್ಲಿ ಓಡಿ ಬದುಕಿದಳೋ ಅಲ್ಲಲ್ಲೇ ಹೆಜ್ಜೆ ಇಟ್ಟು ರಾಜಕುಮಾರ ಕೋಟೆ ಸೇರಿದ. ಅವನ ಕಾಲಿಗೆ ಕೆಸರು ಕೂಡ ತಾಗಲಿಲ್ಲ.

ಚಪ್ಪಾಳೆ ಎಲ್ಲೋ ನಡುವೆ ನಿಂತುಹೋಗಿತ್ತು.

"ಎಂತ ಮಗಾ ಇದು?" ಗುಣವತಿ ಕೇಳಿದಳು.

ವಿಜೇತಾ ತಲೆ ಎತ್ತಲಿಲ್ಲ. "ಕೆಸರಿನಲ್ಲಿ ಗೂಟ ಅಡಗಿಸಿ ಇಟ್ಟಿರ್ತಾರಂತೆ ಅಮ್ಮ. ಎಲ್ಲಿ ಉಂಟು ಅಂತ ಗೊತ್ತಾಗಲಿಕ್ಕೆ ಅವಳನ್ನು ಮೊದಲು ಓಡಿಸಬೇಕು. ಹಳೆ ಆಟದಲ್ಲೂ ಹಾಗೆಯೇ ಅಂತೆ."

ಶೀನ ಕೈಯಲ್ಲಿದ್ದ ಬುಟ್ಟಿಯ ಬಳ್ಳಿಯನ್ನು ಕೆಳಗಿಟ್ಟ. "ಅಕ್ಕ," ಎಂದ. "ಇದು ಅಪ್ಪ ಅಲ್ವಾ?"

ಅಪ್ಪನೇ. ಊರಿನ ಜಮೀನ್ದಾರರ ಮನೆ ದೊಡ್ಡಗುತ್ತಿನ ಕಂಬಳದ ಗದ್ದೆಗೆ ಕೋಣ ಇಳಿಯುವ ಮೊದಲು ಕೊರಗರು ಇಳಿದು ಓಡಬೇಕಿತ್ತು. ಕೆಸರಿನಲ್ಲಿ ಮುಳ್ಳೋ ಗಾಜೋ ಇದ್ದರೆ ಅದು ಕೋಣದ ಕಾಲಿಗೆ ಹೋಗಬಾರದಲ್ಲ! ಒಂದು ವರ್ಷ ಒಡೆದ ಬಾಟಲಿಯ ಚೂರು ಅಪ್ಪನ ಅಂಗಾಲನ್ನು ಸೀಳಿಕೊಂಡು ಒಳಗೆ ಹೋಯಿತು. ಅಂಚಿನಲ್ಲಿ ನಿಂತಿದ್ದ ಗುತ್ತಿನ ಧಣಿ, "ಸದ್ಯ, ಕೋಣಕ್ಕೆ ತಾಗಲಿಲ್ಲ," ಎಂದು ಒಂದು ತೆಂಗಿನಕಾಯಿ ಎಸೆದರು. ಕಾಲು ಕೊಳೆಯಿತು. ಮೊಣಕಾಲಿನವರೆಗೆ ಕತ್ತರಿಸಿ ತೆಗೆದರು. ಸಾಯುವವರೆಗೂ ಅಪ್ಪ ಜಗಲಿಯಲ್ಲಿ ಕೂತು ಬುಟ್ಟಿ ಹೆಣೆದ. ಆಮೇಲೆ ಕಾನೂನು ಬಂತು, ಓಡಿಸುವುದು ನಿಂತಿತು. ಆ ಧಣಿಯ ಮೊಮ್ಮಗನೇ ವಿಕಾಸ್. "ನಮ್ಮ ಜನವೇ, ನಂಬಿಕಸ್ಥಳು," ಎಂದು ಗುಣವತಿಯನ್ನು ಆಫೀಸಿಗೆ ಸೇರಿಸಿದ್ದು ಅವನ ಅಮ್ಮ.

 ಗುಣವತಿಗೆ ನಾಚಿಕೆಯೋ ಸಿಟ್ಟೋ ತಿಳಿಯಲಿಲ್ಲ. ಕಾಲೊನಿಯೆಲ್ಲ ಡಂಗುರ ಹೊಡೆದು ಬಂದದ್ದು ಇದನ್ನಾ ಎಂದು ಹಣೆ ಹಣೆ ಚಚ್ಚಿಕೊಂಡಳು.

ಮರುದಿನ ಹೋಗಿ ವಿಕಾಸನ ಕೋಣೆಯ ಬಾಗಿಲಲ್ಲಿ ನಿಂತಳು.

"ಧಣಿ, ನನ್ನ ಮುಖ ತೆಗೀಬೇಕು ಅದರಿಂದ."

ವಿಕಾಸ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಯಾವುದರಿಂದ? ಓ, ಟ್ರೇಲರ್ ನೋಡಿದಿಯಾ! ಹೇಗುಂಟು? ಜನ ಹುಚ್ಚಾಗಿದ್ದಾರೆ ಮಾರಾಯ್ತಿ ನಿನ್ನ ಮುಖಕ್ಕೆ."

"ನನಗೆ ಬೇಡ. ತೆಗೀರಿ."

"ಅದು ನೀನಲ್ಲ ಮಾರಾಯ್ತಿ, ಆಟದ ಒಂದು ಪ್ರಾಣಿ."

"ಮುಖ ನನ್ನದಲ್ವಾ? ಒದೆ ತಿನ್ನುವುದು ಆ ಮುಖ ಅಲ್ವಾ? ನನ್ನ ಅಪ್ಪ ನಿಮ್ಮ ಗದ್ದೆಯಲ್ಲಿ ಓಡಿ ಕಾಲು ಕಳಕೊಂಡದ್ದು. ನಿಮಗೆ ಗೊತ್ತಿಲ್ವಾ?"

ಆಗ ಅವನು ಕುರ್ಚಿ ತಿರುಗಿಸಿದ. "ನೋಡು, ಯಾವ ಕಾಲದ ಕತೆ ಅದು? ನಾನು ಹುಟ್ಟಿರಲೇ ಇಲ್ಲ. ಜಾತಿ ಗೀತಿ ನೋಡುವವನಾ ನಾನು? ನೋಡ್ತಿದ್ದರೆ ನಿನ್ನನ್ನು ಆಫೀಸಿನೊಳಗೆ ಬಿಡ್ತಿದ್ದೆನಾ? ಆ ಆಟ ಮಾಡಿದವರು ಎಲ್ಲಿಯೋ ಇರುವ ಬಿಳಿಯರು, ಅವರಿಗೆ ಕಂಬಳ ಗೊತ್ತುಂಟಾ? ನಾನು ಅದನ್ನು ಬದಲು ಮಾಡುವ ಹಾಗಿಲ್ಲ. ಯಾರದ್ದಾದರೂ ಒಂದು ಮುಖ ಹಾಕಲೇಬೇಕು. ಮತ್ತೆ ಯಾರದ್ದು ಹಾಕಲಿ, ನನ್ನ ಅಮ್ಮನದ್ದಾ?"

"ಹಾಕಿ ಧಣಿ. ಯಾಕೆ ಆಗುವುದಿಲ್ಲ?"

ವಿಕಾಸನ ಕಿವಿ ಕೆಂಪಗಾಯಿತು. "ನಾಲಗೆ ಉದ್ದ ಆಯ್ತಾ ನಾಯಿ? ನಮ್ಮ ಮನೆಯ ಎಂಜಲು ತಿಂದು ಬೆಳೆದವರು ನೀವು. ಜಾತಿಬುದ್ಧಿ ಎಲ್ಲಿಗೆ ಹೋಗ್ತದೆ! ಬುಧವಾರ ಆಟದ ಬಿಡುಗಡೆ ಪೂಜೆ ಉಂಟು, ಕಂಪೆನಿಯವರು ಬರ್ತಾರೆ. ಗಾಜಿನ ಲೋಟ ಎಲ್ಲ ಫಳಫಳ ತೊಳೆದಿಡು. ಅದು ಮುಗಿದ ಮೇಲೆ ನಿನ್ನನ್ನು ನೋಡಿಕೊಳ್ತೇನೆ. ನಡಿ ಆಚೆ."

ಜಾತಿ ನೋಡದವನ ಬಾಯಲ್ಲಿ ಅದು ಎಷ್ಟು ಬೇಗ ಬಂತು, ನೋಡಿ.

ಹೊರಗೆ ಬ್ರೆಂಡಾ ನಿಂತಿದ್ದಳು. "ನಾನೂ ಹೇಳಿದೆ ಅಕ್ಕ, ಕೇಳ್ಲಿಲ್ಲ. ನಾನೂ ಸಂಬಳಕ್ಕೆ ಇರುವವಳಲ್ವಾ?"

"ಕಣ್ಣು ಮಿಟುಕಿಸಬೇಡಿ ಅಂತ ಹೇಳಿದವಳು ನೀನೇ ಅಲ್ವಾ ಮಗಾ," ಎಂದಳು ಗುಣವತಿ. ಬ್ರೆಂಡಾ ಅಳುವುದಕ್ಕೆ ಶುರು ಮಾಡಿದಳು. ಅವಳನ್ನು ಸಮಾಧಾನ ಮಾಡುವಷ್ಟು ಪುರುಸೊತ್ತು ಗುಣವತಿಗೆ ಇರಲಿಲ್ಲ, ಒರೆಸಬೇಕಾದ ನೆಲ ಬೇಕಾದಷ್ಟಿತ್ತು.

ಬುಧವಾರ ಆಫೀಸಿನ ಹೊಸಿಲಿನ ಹೊರಗೆ ಬೂಟು ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಗಣಹೋಮದ ಹೊಗೆ. ಕಂಪೆನಿಯವರು, ಅವರ ಹೆಂಡಂದಿರು, ಕಾಲೇಜಿನ ದೊಡ್ಡ ದೊಡ್ಡ ಮೇಷ್ಟ್ರುಗಳು, ಎಲ್ಲರೂ ಬರಿಗಾಲಿನಲ್ಲಿ ಕೈಮುಗಿದು ನಿಂತಿದ್ದರು. ಪಾನಕದ ಲೋಟಗಳ ಹರಿವಾಣ ಹಿಡಿದು ಗುಣವತಿ ಒಳಗೆ ಕಾಲಿಡುವಷ್ಟರಲ್ಲಿ ಭಟ್ಟರು ಮಂತ್ರ ನಿಲ್ಲಿಸಿ ಕೈ ಅಡ್ಡ ಮಾಡಿದರು.

"ವಿಕಾಸ್, ಅವಳು ಹೊಸಿಲಿನಿಂದ ಆಚೆಯೇ ಇರಲಿ. ಪೂಜೆ ಮುಗಿಯುವವರೆಗೆ."

"ಗುಣವತಿ, ಅಲ್ಲೇ ನಿಲ್ಲು."

ಅಲ್ಲೇ ನಿಂತಳು. ಹೊರಗೆ ನಿಂತವಳಿಗೆ ಚಪ್ಪಲಿ ತೆಗೆಯುವ ಅಗತ್ಯ ಇರಲಿಲ್ಲ. ಅವಳ ಹವಾಯಿ ಚಪ್ಪಲಿ ಕಾಲಲ್ಲೇ ಇತ್ತು.

ಮಂಗಳಾರತಿ ಆಯಿತು. ಪ್ರಸಾದ ಆಯಿತು. ಎದುರಿನ ಗೋಡೆಯಲ್ಲಿ ಆಟ ಶುರುವಾಯಿತು. ಪರದೆಯ ಕೆಳಗಿನ ಮೇಜಿನ ಹತ್ತಿರ ನಿಂತು ಶ್ರವಣ್ ಗುಂಡಿ ಒತ್ತತೊಡಗಿದ. ಗೋಡೆಯ ತುಂಬ ಗುಣವತಿಯ ಮುಖ, ಕೆನ್ನೆಯ ಮಚ್ಚೆಯೇ ಕೊಡಪಾನದ ಬಾಯಿಯಷ್ಟು ದೊಡ್ಡದು. ಒದೆ ಬಿತ್ತು. ಓಡಿದಳು. ಗೂಟ ಎದ್ದಿತು. ಆಹಾ, ಚರ್ಮ ನೋಡಿ, ಕಣ್ಣಿನ ಹೆದರಿಕೆ ನೋಡಿ ಎಂದು ಬಂದವರು ಚಪ್ಪಾಳೆ ತಟ್ಟಿದರು.

"ನಮ್ಮ ಒರಿಜಿನಲ್ ಕೆಸರಿನವಳು ಅಲ್ಲೇ ಇದ್ದಾಳೆ, ಬಾಗಿಲಲ್ಲಿ!" ವಿಕಾಸ್ ಕೂಗಿದ. ಎಲ್ಲರೂ ತಿರುಗಿದರು. "ಬಾ ಗುಣವತಿ, ಪೂಜೆ ಮುಗಿಯಿತಲ್ಲ, ಈಗ ಒಳಗೆ ಬಾ. ಪಾನಕ ಕೊಡು. ಒಮ್ಮೆ ಆ ಮುಖ ಮಾಡಿ ತೋರಿಸು ಇವರಿಗೆ. ಶ್ರವಣ್, ಇಲ್ಲಿ ಬಾ, ಒಂದು ಫೋಟೋ ತೆಗೆಯುವ."

ಶ್ರವಣ್ ಆಟದ ರಿಮೋಟನ್ನು ಮೇಜಿನ ಮೇಲಿಟ್ಟು ಜನರ ಮಧ್ಯೆ ಬಂದ. ಗುಣವತಿ ಹೊಸಿಲು ದಾಟಿದಳು.

"ಚಪ್ಪಲಿ! ಏಯ್, ಚಪ್ಪಲಿ!" ಭಟ್ಟರು ಹೌಹಾರಿದರು.

ಅವಳು ನಿಲ್ಲಲಿಲ್ಲ. ಹಾಲಿನ ನಟ್ಟನಡುವೆ, ಮೇಜಿಗೂ ಜನರಿಗೂ ಮಧ್ಯೆ ಹೋಗಿ ನಿಂತಳು. ಬಡವನ ಕೋಪ ದವಡೆಗೆ ಮೂಲ ಅಂತಾರೆ. ಆಗಲಿ, ದವಡೆಯದ್ದು ಆಮೇಲೆ ನೋಡುವ ಎಂದುಕೊಂಡು ಹರಿವಾಣವನ್ನು ತಲೆಯವರೆಗೆ ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಲೋಟಗಳು ಸಿಡಿದು ಚೂರುಚೂರಾದವು. ಪಕ್ಕದಲ್ಲಿ ತೊಳೆದು ಜೋಡಿಸಿಟ್ಟ ಲೋಟಗಳನ್ನೂ ಕೈಯಿಂದ ಬಾಚಿ, ಬಾಗಿಲವರೆಗೂ ಎಸೆದಳು. ಬೆಲ್ಲದ ನೀರಿನಲ್ಲಿ ಗಾಜು ಎಲ್ಲಿದೆ, ನೆಲ ಎಲ್ಲಿದೆ ಎಂದು ಕಾಣುವಂತಿರಲಿಲ್ಲ. ಬರಿಗಾಲಿನ ಜನ ನಿಂತಲ್ಲೇ ಕಲ್ಲಾದರು. ಯಾರೋ ಹೆಂಗಸು ಸೀರೆ ಎತ್ತಿ ಹಿಡಿದು ಅಳುವ ದನಿ ತೆಗೆದಳು.

"ರಂಡೆ! ಹುಚ್ಚು ಹಿಡಿಯಿತಾ? ಗುಡಿಸು! ಮೊದಲು ಗುಡಿಸು ಅದನ್ನು!" ವಿಕಾಸ್ ಕಿರುಚಿದ. ಕಿರುಚಿದನೇ ಹೊರತು ಕಾಲು ಮಾತ್ರ ಎತ್ತಿಡಲಿಲ್ಲ.

"ಚೂರು ಎಲ್ಲೆಲ್ಲಿ ಉಂಟು ಅಂತ ನನಗೆ ಗೊತ್ತಿಲ್ಲ ವಿಕಾಸ್," ಎಂದಳು ಗುಣವತಿ. "ನೀನೇ ಮೊದಲು ಓಡಿ ನೋಡು."

ಚಪ್ಪಲಿಯಡಿಯಲ್ಲಿ ಗಾಜು ಕರಕರ ಎನ್ನುವಂತೆ ತುಳಿದುಕೊಂಡು ಅವಳು ಹೊರಗೆ ಹೋದಳು. ಹೊಸಿಲ ಬಳಿಯ ಚಪ್ಪಲಿ ರಾಶಿಯನ್ನು ಕಾಲಿನಿಂದ ನೂಕಿದಳು. ಅವು ಒಂದರ ಹಿಂದೆ ಒಂದು ಮೆಟ್ಟಿಲುರುಳಿ ಕೆಳಗೆ ಬಿದ್ದವು.

ಗೋಡೆಯ ಮೇಲೆ ಕೆಸರಿನ ಅಂಚಿಗೆ ಹೊಸದಾಗಿ ಹುಟ್ಟಿಬಂದ ಹೆಂಗಸು ರಾಜಕುಮಾರನಿಗೆ ಬೆನ್ನು ಹಾಕಿ ನಿಂತಿದ್ದಳು. ಒದೆ ಬೀಳಬೇಕಾದರೆ ಯಾರಾದರೂ ಗುಂಡಿ ಒತ್ತಬೇಕು. ರಿಮೋಟು ಗಾಜಿನ ಆಚೆ, ಮೇಜಿನ ಮೇಲಿತ್ತು. ಅಷ್ಟು ಜನರಲ್ಲಿ ಒಬ್ಬರೂ ಒಂದು ಹೆಜ್ಜೆ ಮುಂದಿಡಲಿಲ್ಲ.