ಎರಡನೇ ಔಷಧಿ ಗಾಡಿ

ಅಮೆರಿಕದ ಫ್ರೆಸ್ನೊ ಊರಿನ ವೃದ್ಧರ ಆರೈಕೆ ಕೇಂದ್ರವೊಂದಕ್ಕೆ ಲಿಗಾಯಾ ಕರೆದ ದಿನ ಮಾತ್ರ ಹೋಗುವ ನರ್ಸ್. ಅಂದು ಬೆಳಿಗ್ಗೆ ಮೇಲ್ವಿಚಾರಕಿ ಗ್ರೆಚೆನ್ ಎರಡು ವಾರ್ಡುಗಳ ಔಷಧಿ ಗಾಡಿಗಳ ಬೀಗದ ಕೈಗಳನ್ನು ಅವಳ ಮುಂದೆ ಚಾಚಿದಳು.

"ಇನ್ನೊಬ್ಬಳು ನರ್ಸ್ ಇವತ್ತು ಬಂದಿಲ್ಲ. ಎರಡೂ ನೀನೇ ನೋಡ್ಕೋ."

"ಒಂದು ತಗೋತೀನಿ ಮೇಡಂ. ಎರಡೂ ತಗೊಂಡ್ರೆ ಯಾರಿಗಾದ್ರೂ ಇನ್ಸುಲಿನ್ ತಪ್ಪುತ್ತೆ. ಆಮೇಲೆ ಲೈಸೆನ್ಸ್ ಹೋಗೋದು ನಂದು."

"ದಿನಗೂಲಿಯವಳಿಗೆ ಎಷ್ಟು ಬಾಯಿ! ಇನ್ಮೇಲೆ ನಿನ್ನ ಕರೆಯಲ್ಲ."

ಲಿಗಾಯಾಳ ಮೈ ಉರಿಯಿತು. "ಕರೀಬೇಡಿ. ಆದ್ರೆ ನೀವೂ ನರ್ಸೇ ಅಲ್ವಾ? ಕೋಟು ಬಿಚ್ಚಿ ಬನ್ನಿ, ಆ ಕಡೆ ಅಜ್ಜಿಯರು ಕಾಯ್ತಿದ್ದಾರೆ."

ಗ್ರೆಚೆನ್ ಗೊಣಗುತ್ತಲೇ ಎರಡನೇ ಗಾಡಿಯನ್ನು ತಳ್ಳಿಕೊಂಡು ಹೋದಳು. ಆ ದಿನ ಯಾರ ಔಷಧಿಯೂ ತಪ್ಪಲಿಲ್ಲ. ಆದರೆ ಲಿಗಾಯಾಳಿಗೆ ಅಲ್ಲಿಂದ ಮತ್ತೆ ಕರೆ ಬರಲಿಲ್ಲ. ಸರಿಯಾದದ್ದನ್ನು ಹೇಳಿದ್ದಕ್ಕೆ ಶಿಕ್ಷೆಯೇ ಎಂದು ಅವಳು ಇಂದಿಗೂ ಕುದಿಯುತ್ತಾಳೆ.