ಹಿತ್ತಿಲ ಬಾಗಿಲ ಲೆಕ್ಕ

ದೇವಲಾಪುರದ ತಮ್ಮಯ್ಯ ಮೇಷ್ಟ್ರು ಮೂವತ್ತಾರು ವರ್ಷ ಮಕ್ಕಳಿಗೆ ಗಾದೆ ಕಲಿಸಿದವರು. 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂದು ಹಲಗೆಯ ಮೇಲೆ ಬರೆದು, ಮನೆಯ ಮಾತು ಮನೆಯಲ್ಲಿರಲಿ, ಕಾಯಿಲೆಯನ್ನು ಮಾತ್ರ ಮುಚ್ಚಿಡಬೇಡಿ ಎಂದು ಅರ್ಥ ಬಿಡಿಸಿ, ತಲೆಗೆ ಹತ್ತದವರ ಕಿವಿ ಹಿಂಡಿದವರು. ಊರಿಗೆಲ್ಲ ಹೇಳಿದ ಬುದ್ಧಿ ಸ್ವಂತ ಮನೆಗೆ ಬರುವಾಗ ಹೊಸ್ತಿಲು ಎಡವುತ್ತದೆ ನೋಡಿ. 1996ರ ಬೇಸಿಗೆಯಲ್ಲಿ ಅವರ ಸೊಸೆ ಪ್ರಮೀಳಾಗೆ ಬಂದ ಕಾಯಿಲೆಯ ಹೆಸರೆತ್ತುವುದಿರಲಿ, ಅದರ ಲಕ್ಷಣ ಹೇಳುವುದಕ್ಕೂ ಮೇಷ್ಟ್ರಿಗೆ ಬಾಯಿ ಬರಲಿಲ್ಲ.

ಅವಳ ದೊಡ್ಡ ಕರುಳಿನ ಒಳಗೆಲ್ಲ ಹುಣ್ಣಾಗಿ ಬಾತುಕೊಂಡಿತ್ತು. ಹೊಟ್ಟೆ ಹಿಂಡುವ ನೋವು, ರಕ್ತ ಬೆರೆತ ಭೇದಿ. ಆಮಶಂಕೆ ಇರಬೇಕೆಂದು ಮನೆಮದ್ದೆಲ್ಲ ಕುಡಿಸಿದ್ದಾಯಿತು. ಕೊನೆಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೊಳವೆ ಹಾಕಿ ನೋಡಿ ರೋಗ ಪತ್ತೆ ಮಾಡಿದರು. ಅಲ್ಲಿಯ ಡಾಕ್ಟರಮ್ಮ ಇದೇ ರೋಗದ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಎಂಬತ್ತು ಜನ ರೋಗಿಗಳು, ಅರ್ಧ ಜನಕ್ಕೆ ಹಳೆಯ ಮಾತ್ರೆ, ಅರ್ಧ ಜನಕ್ಕೆ ಹೊಸದು. ಯಾರ ಶೀಸೆಯಲ್ಲಿ ಯಾವುದಿದೆ ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮನೆಯವರು ಪ್ರತಿ ಸಂಜೆ ಒಂದು ಪಟ್ಟಿ ತುಂಬಬೇಕು. ಎಷ್ಟು ಸಲ ಹೋದರು, ರಕ್ತ ಇತ್ತೇ ಇಲ್ಲವೇ, ಅಷ್ಟೇ.

ಪ್ರಮೀಳಾ ಓದಿದ್ದು ಎರಡನೇ ಕ್ಲಾಸು. ಅವಳ ಗಂಡ ನಿಂಗರಾಜು ಲಾರಿ ಹತ್ತಿದರೆ ಇಳಿಯುವುದು ವಾರಕ್ಕೊಮ್ಮೆ. ಹಾಗಾಗಿ ಪಟ್ಟಿ ಮೇಷ್ಟ್ರ ಪಾಲಿಗೆ ಬಂತು. ಆದರೆ ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ವಾಡಿಕೆ ಇಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂಬ ಮಾತೂ ಅತ್ತೆ ಯಶೋದಮ್ಮನ ಮೂಲಕವೇ ಹೋಗಿ ಬರಬೇಕು. ಪ್ರಮೀಳಾ ಅಡುಗೆಮನೆಯಲ್ಲಿ ಅತ್ತೆಗೆ ಹೇಳುವುದು, ಅತ್ತೆ ಜಗುಲಿಗೆ ಬಂದು ಗಂಡನಿಗೆ ಹೇಳುವುದು ಎಂದಾಯಿತು.

ಮೊದಲ ಸಂಜೆ ಯಶೋದಮ್ಮ ಕಂಬಕ್ಕೆ ಒರಗಿ, "ಐದಂತೆ. ರಕ್ತಾನೂ ಐತಂತೆ" ಅಂದರು.

ಮೇಷ್ಟ್ರ ಪೆನ್ನು ನಿಂತಿತು. "ಐದಾ? ಮೆತ್ತುಗ್ ಯೇಳು, ಬೀದೀಲಿ ಜನ ಅವ್ರೆ."

ಪಟ್ಟಿ ಆಸ್ಪತ್ರೆಗೆ ಹೋಗುತ್ತಿದ್ದದ್ದು ಚಿಕ್ಕಸ್ವಾಮಿಯ ಕೈಯಲ್ಲಿ. ಅವನು ಅದೇ ಊರಿನವನು, ಆ ಆಸ್ಪತ್ರೆಯಲ್ಲಿ ಅಟೆಂಡರು, ಪ್ರತಿ ಭಾನುವಾರ ತಾಯಿಯನ್ನು ನೋಡಲು ಬರುತ್ತಿದ್ದ. ಅವನ ಕಣ್ಣಿಗೆ ಬಿದ್ದದ್ದು ಸಂಜೆಯೊಳಗೆ ಅರಳಿಕಟ್ಟೆಗೆ ಬೀಳುತ್ತದೆ ಎಂದು ಮೇಷ್ಟ್ರಿಗೆ ಖಾತ್ರಿಯಿತ್ತು. ತಮ್ಮಯ್ಯ ಮೇಷ್ಟ್ರ ಸೊಸೆ ದಿನಕ್ಕೆ ಐದು ಸಲ ಚೊಂಬು ಹಿಡೀತಾಳಂತೆ ಎಂದು ತಮ್ಮಿಂದ ಕಿವಿ ಹಿಂಡಿಸಿಕೊಂಡವರೆಲ್ಲ ನಗುವುದನ್ನು ಅವರು ಆಗಲೇ ಕೇಳಿಸಿಕೊಂಡರು. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ 'ಎರಡು' ಎಂದು ಬರೆದರು. ರಕ್ತದ ಕಡೆ 'ಇಲ್ಲ' ಎಂದು ಬರೆದರು. ಮಾರನೆಯ ದಿನವೂ ಅದನ್ನೇ ಬರೆದರು, ಅದರ ಮಾರನೆಯ ದಿನವೂ.

ಪಾಪ, ಅವರಿಗೆ ಗೊತ್ತಿರಲಿಲ್ಲ ಅನ್ನಬೇಡಿ. ಹಿತ್ತಿಲ ಬಾಗಿಲ ಚಿಲಕ ದಿನವಿಡೀ ಸದ್ದು ಮಾಡುತ್ತಿತ್ತು. ಸದ್ದಾದಾಗಲೆಲ್ಲ ಮೇಷ್ಟ್ರು ರೇಡಿಯೋ ಜೋರು ಮಾಡುತ್ತಿದ್ದರು. ಆ ತಿಂಗಳು ಅವರು ಕೇಳಿದಷ್ಟು ಕೃಷಿ ಸಲಹೆಯನ್ನು ನಾಗಮಂಗಲ ತಾಲ್ಲೂಕಿನಲ್ಲಿ ಬೇರೆ ಯಾವ ರೈತನೂ ಕೇಳಿರಲಾರ.

ನಾಲ್ಕು ವಾರಕ್ಕೆ ತಪಾಸಣೆಗೆ ಬರಬೇಕೆಂದು ಹೇಳಿದ್ದರು. ಮೂವರೂ ಬೆಳಗಿನ ಬಸ್ಸು ಹತ್ತಿದರು. ಪಾಂಡವಪುರದ ನಿಲ್ದಾಣ ಬರುವಷ್ಟರಲ್ಲಿ ಪ್ರಮೀಳಾ ಸೀಟಿನ ಕಂಬಿ ಬಿಗಿಯಾಗಿ ಹಿಡಿದಿದ್ದಳು, ಬಸ್ಸು ನಿಂತದ್ದೇ ಕಕ್ಕಸಿಗೆ ಓಡಿದಳು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಯಶೋದಮ್ಮ ಗಂಡನ ಕಡೆ ಬಗ್ಗಿ, "ಕಂಡಕ್ಟ್ರುಗೆ ಯೇಳಿ ವಸಿ ನಿಲ್ಸಿ ಅಂದ್ರೆ. ತಡಕಳಕಾಯ್ತಿಲ್ವಂತೆ" ಅಂದರು.

ತುಂಬಿದ ಬಸ್ಸಿನಲ್ಲಿ ಎದ್ದು ನಿಂತು ಏನೆಂದು ಹೇಳುವುದು? ಮೇಷ್ಟ್ರು ಏಳಬೇಕೆಂದುಕೊಂಡರು, ಏಳಲಿಲ್ಲ. "ಇನ್ನೇನ್ ಮೈಸೂರು ಬಂತು ಅನ್ನು" ಅಂದರು. ಸ್ವಲ್ಪ ಹೊತ್ತಿಗೆ ಮುಂದಿನ ಸೀಟಿನವನು ಮೂಗು ಮುಚ್ಚಿಕೊಂಡು ತಿರುಗಿ ನೋಡಿದ. ಪ್ರಮೀಳಾ ಸೆರಗಿನಲ್ಲಿ ಮುಖ ಹುದುಗಿಸಿ ಮುದುಡಿ ಕೂತಿದ್ದಳು, ಸೀರೆಯ ಹಿಂಭಾಗ ಕೆಂಪಾಗಿತ್ತು. ಮೇಷ್ಟ್ರು ತಮ್ಮ ಕಾಲು ಆಚೆ ಸರಿಸಿ, ಅವರಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡತೊಡಗಿದರು. ನೋಡುತ್ತಿರುವಾಗಲೇ ಅವರಿಗೆ ತಮ್ಮ ಮೇಲೆ ಅಸಹ್ಯ ಹುಟ್ಟಿತು. ಆದರೂ ಮುಖ ತಿರುಗಿಸಲಿಲ್ಲ.

ಮೈಸೂರಿನ ಬಸ್ ನಿಲ್ದಾಣದಲ್ಲಿ ಯಶೋದಮ್ಮ ತಮ್ಮ ಚೀಲದಲ್ಲಿದ್ದ ಸೀರೆ ಉಡಿಸಿ ಅವಳನ್ನು ಆಸ್ಪತ್ರೆಗೆ ನಡೆಸಿಕೊಂಡು ಬಂದರು.

ಡಾಕ್ಟರಮ್ಮ ತೂಕ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಆಮೇಲೆ ನಾಲ್ಕು ವಾರದ ಪಟ್ಟಿಯನ್ನು ಮೇಜಿನ ಮೇಲೆ ಹರಡಿದರು. "ಈ ಪ್ರಕಾರ ಪ್ರಮೀಳಾ ಹುಷಾರಾಗಿದ್ದಾರೆ. ಆದ್ರೆ ತೂಕ ಐದು ಕೇಜಿ ಇಳಿದಿದೆ, ಮೈಯಲ್ಲಿ ರಕ್ತಾನೇ ಇಲ್ಲ. ಇದು ಹೇಗೆ ಮೇಷ್ಟ್ರೇ?"

"ಸರಿಯಾಗಿ ಉಣ್ಣಕಿಲ್ಲ ಡಾಕ್ಟ್ರೇ. ಎಷ್ಟು ಯೇಳಿದ್ರೂ ಕೇಳಕಿಲ್ಲ" ಅಂದರು ಮೇಷ್ಟ್ರು.

ಸೊಸೆಯ ಎದುರಿನಲ್ಲೇ ಅಂದರು. ಅವಳು ತಲೆ ಎತ್ತಲಿಲ್ಲ.

"ಪಟ್ಟಿ ಸರಿಯಾಗಿದ್ರೆ ಇದೇ ಮಾತ್ರೆ ಇನ್ನೊಂದು ತಿಂಗಳು ತಗೊಳ್ಳಲಿ. ಸರಿಯಿಲ್ದಿದ್ರೆ ಈಗಲೇ ಹೇಳ್ಬಿಡಿ. ಇವತ್ತೇ ಸೇರಿಸ್ಕೊಂಡು ಇಂಜೆಕ್ಷನ್ ಶುರು ಮಾಡ್ಬೇಕು. ಕರುಳು ತೂತು ಬಿದ್ರೆ ಆಮೇಲೆ ಉಳಿಸೋದು ಕಷ್ಟ." ಡಾಕ್ಟರಮ್ಮ ಹೊಸ ಶೀಸೆ ತೆಗೆದು ಮುಂದೆ ಇಟ್ಟರು.

ಮೇಷ್ಟ್ರು ಪಟ್ಟಿಯಲ್ಲಿದ್ದ ತಮ್ಮ ಅಕ್ಷರವನ್ನೇ ನೋಡಿದರು. ಯಶೋದಮ್ಮ ಗಂಡನ ಮುಖ ನೋಡಿದರು. ಪ್ರಮೀಳಾ ಶೀಸೆ ತೆಗೆದುಕೊಳ್ಳಲು ಕೈ ಚಾಚಿದಳು. ಚಾಚಿದಾಗ ಬಳೆಗಳೆಲ್ಲ ಮೊಣಕೈತನಕ ಜಾರಿದವು. ಮದುವೆಯಲ್ಲಿ ಸೋಪು ಹಚ್ಚಿ ಒತ್ತಿ ತೊಡಿಸಿದ್ದ ಬಳೆಗಳು ಅವು.

"ಕೊಡಬ್ಯಾಡಿ" ಅಂದರು ಮೇಷ್ಟ್ರು. "ಪಟ್ಟಿ ಸುಳ್ಳು. ಎರಡಲ್ಲ, ಐದು. ರಕ್ತಾನೂ ಐತೆ. ಮರ್ವಾದೆಗೆ ಅಂಜಿ ನಾನೇ ಕಮ್ಮಿ ಬರೆದೆ."

ಡಾಕ್ಟರಮ್ಮ ಹೊಸ ಶೀಸೆಯನ್ನು ಹಿಂದಕ್ಕೆ ಎಳೆದುಕೊಂಡರು. "ನಿಮ್ಮ ಪಟ್ಟೀನ ನಮ್ಮೋರಿಗೆಲ್ಲ ತೋರಿಸಿದ್ದೆ, ಬರೆದ್ರೆ ಹೀಗೆ ಬರೀಬೇಕು ಅಂತ. ಇದನ್ನ ನಂಬಿದ್ರೆ ಕೆಲಸ ಮಾಡದ ಮಾತ್ರೇನ ಕೆಲಸ ಮಾಡುತ್ತೆ ಅಂತ ಲೆಕ್ಕಕ್ಕೆ ತಗೊಳ್ತಿದ್ದೆ. ಅದನ್ನ ನಂಬಿ ಆಮೇಲೆ ಎಷ್ಟು ಜನ ನುಂಗ್ತಿದ್ರೋ." ನಾಲ್ಕೂ ಹಾಳೆಗೆ ಅಡ್ಡಗೆರೆ ಎಳೆದು, ಸಂಶೋಧನೆಯಿಂದ ಹೆಸರು ತೆಗೆದರು. ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಐದು ಅಂತ ಬರ್ಕೊಳ್ಳಲಾ?" ಎಂದು ಡಾಕ್ಟರಮ್ಮ ಕೇಳಿದರು.

ಯಶೋದಮ್ಮ ಗೊಳೋ ಎಂದು ಅಳತೊಡಗಿದರು. "ಐದಲ್ಲ ಕನವ್ವಾ. ನಂಗೆ ಎಂಟು ಅಂದಿದ್ಲು. ಎಂಟು ಅಂದ್ರೆ ಇವ್ರು ನೊಂದ್ಕತಾರೆ ಅಂತ ನಾನೇ ಐದು ಅಂದ್ಬುಟ್ಟೆ."

ಈಗ ಎಲ್ಲರೂ ಪ್ರಮೀಳಾಳ ಕಡೆ ನೋಡಿದರು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, "ಹದಿನಾಲ್ಕು. ಒಂದೊಂದಿನ ಹದಿನಾರು. ಅತ್ತೆ ಮೊಕ ಸಪ್ಗಾಯ್ತದೆ ಅಂತ ಎಂಟು ಅಂತಿದ್ದೆ" ಅಂದಳು.

ಅಂದವಳೇ ಹೊಟ್ಟೆ ಹಿಡಿದುಕೊಂಡು ಎದ್ದಳು. ಅಭ್ಯಾಸದಂತೆ ಅತ್ತೆಯ ಕಡೆ ತಿರುಗಿದಳು. ಅತ್ತೆ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಬೇರೆ ದಾರಿಯಿಲ್ಲದೆ, ಆ ಮನೆಗೆ ಬಂದ ಮೇಲೆ ಮೊದಲ ಸಲ, "ಮಾವ, ಹೋಗ್ಬೇಕು" ಅಂದಳು.

ಮೇಷ್ಟ್ರು ಅವಳ ತೋಳು ಹಿಡಿದು ಪಡಸಾಲೆಗೆ ಕರೆತಂದರು. ಎರಡೂ ಬದಿಯ ಬೆಂಚಿನಲ್ಲಿ ಜನ ತುಂಬಿ ಕೂತಿದ್ದರು. ಕಕ್ಕಸಿನ ಕೊಳಾಯಿಯಲ್ಲಿ ನೀರಿರಲಿಲ್ಲ, ಅವರೇ ಬೇರೆ ಕಡೆಯಿಂದ ಬಕೆಟ್ಟು ತುಂಬಿಸಿಕೊಂಡು ಬಂದರು. ಚಿಕ್ಕಸ್ವಾಮಿ ಓಡಿಬಂದು, "ಕೊಡಿ ಮೇಷ್ಟ್ರೇ, ನಾನ್ ತತ್ತೀನಿ" ಅಂದ. "ಬುಡು, ನಾನೇ ತಕಂಡೋಯ್ತೀನಿ" ಅಂದರು.

ಅವಳು ಹೊರಗೆ ಬಂದಾಗ ಮೇಷ್ಟ್ರು, "ಇವತ್ತಿಗೆ ಇದು ಎಷ್ಟನೇದು ಮಗ?" ಎಂದು ಕೇಳಿದರು.

ಪ್ರಮೀಳಾ ನೆಲ ನೋಡುತ್ತಾ ನಿಂತಳು. ಎಷ್ಟು ಕಮ್ಮಿ ಮಾಡಿ ಹೇಳಿದರೆ ಸರಿಹೋದೀತು ಎಂದು ಅವಳು ಯೋಚಿಸುತ್ತಿರುವುದು ಮೇಷ್ಟ್ರಿಗೆ ತಿಳಿಯಿತು. ಇದನ್ನು ಅವಳಿಗೆ ಕಲಿಸಿದವರು ಯಾರೆಂಬುದೂ ತಿಳಿಯಿತು.

"ಇದ್ದಂಗೇ ಯೇಳವ್ವ."

"ಒಂಬತ್ತು."

ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ. ಪಡಸಾಲೆಯ ಆಚೆ ತುದಿಯಿಂದ ನರ್ಸಮ್ಮ ಕಾಗದ ಹಿಡಿದು, "ಪ್ರಮೀಳಾ ಕಡೆಯೋರು ಯಾರ್ರೀ? ಬೆಳಿಗ್ಗೆಯಿಂದ ಎಷ್ಟು ಸಲ ಆಯ್ತು?" ಎಂದು ಕೂಗಿದಳು.

"ಒಂಬತ್ತು!" ಎಂದು ಮೇಷ್ಟ್ರು ಪಾಠ ಹೇಳುತ್ತಿದ್ದ ದನಿಯಲ್ಲೇ ಕೂಗಿ ಹೇಳಿದರು. "ಎಲ್ಲಾ ಸಲಾನೂ ರಕ್ತ ಐತೆ!"

ಬೆಂಚಿನ ಮೇಲಿದ್ದ ಅಷ್ಟು ಜನರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.